ಅಯಾನು ಜೋಕಿಗೆ ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಕನ್ನಡದ್ದು ಏನಾದ್ರೂ ಇದ್ರೆ ಹೇಳಿ

ಗದಗ ಮಾಸ್ತರ

ಗದಗ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕನ್ನಡ ಮಾಧ್ಯಮ. ಮೊನ್ನೆ ಹತ್ತನೇ ತರಗತಿಗೆ ಲೋಹ-ಅಲೋಹ ಪಾಠ ನಡೆದಿತ್ತು. ಅಯಾನು ಬಂತು, ಅಂದ್ರೆ ಮೈನಸ್ ಚಾರ್ಜಿನ ಎಲೆಕ್ಟ್ರಾನ್ ಕಳ್ಕೊಂಡು ಪ್ಲಸ್, ಇಲ್ಲವೇ ಇಸ್ಕೊಂಡು ಮೈನಸ್ ಆದ ಪರಮಾಣು ಅಥವಾ ಪರಮಾಣು ಗುಂಪು. ಮಕ್ಕಳು ಆಕಳಿಸುತ್ತಿದ್ದರು, ಮಧ್ಯಾಹ್ನದ ಊಟ ಆದ ಮೇಲಿನ ಪಿರಿಯಡ್ಡು. ಎಲ್ಲೋ ಓದಿದ ಜೋಕು ಹೇಳಿದೆ.

ಎರಡು ಪರಮಾಣು ದಾರಿಯಲ್ಲಿ ಹೊರಟಿವೆ. ಒಂದು ನಿಂತುಬಿಡುತ್ತೆ. "ಅಯ್ಯೋ, ನನ್ನ ಎಲೆಕ್ಟ್ರಾನ್ ಕಳೆದುಹೋಯ್ತು." ಇನ್ನೊಂದು ಕೇಳುತ್ತೆ, "ಖರೇನಾ?" ಮೊದಲನೆಯದು, "ಹೂಂ, ಐ ಆಮ್ ಪಾಸಿಟಿವ್."

ಯಾರೂ ನಗಲಿಲ್ಲ. ಇಂಗ್ಲಿಷಿನಲ್ಲಿ ಪಾಸಿಟಿವ್ ಅಂದ್ರೆ 'ಖಾತ್ರಿ ಇದೆ' ಅಂತಲೂ ಆಗುತ್ತೆ ಅಂತ ವಿವರಿಸಿದೆ. ತಣ್ಣಗಾದ ಮಿರ್ಚಿಯನ್ನು ಮತ್ತೆ ಎಣ್ಣೆಗೆ ಬಿಟ್ಟ ಹಾಗಾಯ್ತು. ಕೊನೆಗೆ ಹಿಂದಿನ ಬೆಂಚಿನ ಹುಡುಗ ಎದ್ದು "ಸರ, ಪಾಸಿಟಿವ್ ಅಂದ್ರ ಕೊರೊನಾ ಬಂದಂಗ ಅಲ್ರಿ?" ಅಂದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವನ ಜೋಕಿಗೆ, ನನ್ನದಕ್ಕಲ್ಲ.

ಕನ್ನಡದಲ್ಲೇ ಹುಟ್ಟಿದ ಅಯಾನು ಜೋಕು ಯಾರ ಹತ್ರ ಆದ್ರೂ ಇದೆಯಾ? ಅನುವಾದ ಬೇಡ, ಅದರ ರುಚಿ ನೋಡಿ ಆಯ್ತು.

ಸಿಬಿಟಿ ಹುಡುಗ

ಸರ್, ಇದು ನಡೆಯುತ್ತಾ ನೋಡಿ. ಪ್ರೋಟಾನು, ಎಲೆಕ್ಟ್ರಾನು, ನ್ಯೂಟ್ರಾನು ಮೂರೂ ಹುಬ್ಬಳ್ಳಿ ಸಿಬಿಟಿಯಲ್ಲಿ ಧಾರವಾಡದ ಬಸ್ಸು ಹತ್ತಿದವು. ಕಂಡಕ್ಟರ್ ಬಂದ. ಪ್ರೋಟಾನು ರೊಕ್ಕ ಕೊಟ್ಟಿತು. ಎಲೆಕ್ಟ್ರಾನು ಉದ್ರಿ ಹೇಳಿತು. ನ್ಯೂಟ್ರಾನು ಪಾಕೀಟು ತೆಗೀತಿತ್ತು, ಕಂಡಕ್ಟರ್ ಅಂದ, "ನೀ ಕೂಡ್ರಪಾ, ನಿನಗ ಚಾರ್ಜ್ ಇಲ್ಲ."

ಮೂರನೇ ಬೆಂಚು

ಅದೂ ಇಂಗ್ಲಿಷಿನದೇ. ಅಲ್ಲಿ ನ್ಯೂಟ್ರಾನು ಬಾರಿಗೆ ಹೋಗುತ್ತೆ, ನೀನು ಬಸ್ ಹತ್ತಿಸಿದೆ ಅಷ್ಟೇ.

ಸಿಬಿಟಿ ಹುಡುಗ

ಇರಲಿ, 'ಬಸ್ ಚಾರ್ಜ್' ಅನ್ನೋದು ಈಗ ಕನ್ನಡವೇ. ನಮ್ಮಜ್ಜಿ ಸಹ ಹಾಗೇ ಅಂತಾಳೆ. ಇನ್ನೊಂದು ತಗೋ: ನ್ಯೂಟ್ರಾನು ಯಾಕೆ ಫೋನ್ ಎತ್ತಲ್ಲ? ಅದಕ್ಕೆ ಚಾರ್ಜೇ ಇಲ್ಲ.

ಸಾಧನಕೇರಿ

ಬಸ್ಸಿನ ಮಾತು ಬಂತು ಅಂತ ಹೇಳ್ತೇನೆ. ವಿದ್ಯುತ್ ಹರಿಯಬಿಡುವ ವಸ್ತುವಿಗೆ ಪಠ್ಯಪುಸ್ತಕದಲ್ಲಿ 'ವಾಹಕ', ಹರಿಯಬಿಡದ್ದಕ್ಕೆ 'ಅವಾಹಕ'. ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಸೀಟಿನ ಮೇಲೆ ಏನು ಬರೆದಿರುತ್ತೆ? 'ನಿರ್ವಾಹಕ'. ವ್ಯಾಕರಣ ಬೇರೆ ಇದೆ, ನಿರ್ವಹಿಸುವವ ಅಂತ. ಆದ್ರೆ ಹತ್ತನೇ ಕ್ಲಾಸಿನ ಹುಡುಗನಿಗೆ ಅದು 'ವಾಹಕ ಅಲ್ಲದವ' ಅಂತಲೇ ಕೇಳಿಸುತ್ತೆ. ಕಂಡಕ್ಟರನ್ನೇ ಇನ್ಸುಲೇಟರ್ ಮಾಡಿದ ಭಾಷೆ ನಮ್ಮದು.

ಮಾಸ್ತರ್ರೇ, ನೀವು ಜೋಕು ಹುಡುಕಿ ಊರೆಲ್ಲ ತಿರುಗಬೇಕಿಲ್ಲ. ಪುಸ್ತಕ ತೆಗೆಯಿರಿ. ಧನ ಅಯಾನು, ಋಣ ಅಯಾನು. ಯಾರು ಎಲೆಕ್ಟ್ರಾನ್ ಕೊಟ್ಟರೋ ಅವರು ಧನ. ಯಾರು ತಗೊಂಡರೋ ಅವರು ಋಣ. ಇಂಗ್ಲಿಷಿನ ಮಕ್ಕಳು 'ಎಲೆಕ್ಟ್ರಾನ್ ಕಳ್ಕೊಂಡ್ರೆ ಪ್ಲಸ್ ಹೇಗಾಗುತ್ತೆ' ಅಂತ ತಲೆ ಕೆರ್ಕೋತಾರೆ. ನಮ್ಮಲ್ಲಿ ಆ ಗೊಂದಲವೇ ಬೇಡ. ಇಸ್ಕೊಂಡವನ ಮೇಲೆ ಋಣ ಇರುತ್ತೆ ಅಂತ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿದ ಯಾವ ಹುಡುಗನಿಗೂ ಗೊತ್ತು.

ಮತ್ತೆ ಆ ಎರಡರ ನಡುವಿನ ಅಯಾನಿಕ ಬಂಧ ಇದೆಯಲ್ಲ, ಅದಕ್ಕೆ ನಮ್ಮ ಹಿರಿಯರು ಮೊದಲೇ ಹೆಸರಿಟ್ಟಿದ್ದಾರೆ.

ಋಣಾನುಬಂಧ.

ಮೂರನೇ ಬೆಂಚು

ಎದ್ದು ನಿಂತೆ.

ಬ್ಯಾಡಗಿ ಕಡ್ಡಿ

ಇದನ್ನ ನಾನು ಸಂಜೆ ಮನೆಯಲ್ಲಿ ಹೇಳ್ತೇನೆ. ಹೆಂಡತಿ ಕೆಮಿಸ್ಟ್ರಿ ಓದಿದವಳು. ನಗದಿದ್ರೆ ನಿಮ್ಮ ಮೇಲೆ ಹಾಕ್ತೇನೆ.

ಗದಗ ಮಾಸ್ತರ

ಸಾಧನಕೇರಿಯವರೇ, 16 ವರ್ಷದಿಂದ ಈ ಪದ ಬರೆಸ್ತಿದ್ದೇನೆ. ಒಂದು ಸಲವೂ ಹೊಳೆದಿಲ್ಲ. ನಾಳೆಯೇ ಹೇಳ್ತೇನೆ.

ಎರಡನೇ ಪಿಯುಸಿ ನೋಟ್ಸು

ಹೇಳಿ, ಆದ್ರೆ ಸೋಡಿಯಮ್ಮನ್ನು ದಾನಶೂರ ಕರ್ಣ ಮಾಡಬೇಡಿ. ಉಪ್ಪು ಹೇಗೆ ಆಯ್ತು ಅನ್ನೋದಕ್ಕೆ ಪ್ರತಿ ಮಾಸ್ತರೂ ಇದೇ ಕಥೆ ಹೇಳ್ತಾರೆ. ಸೋಡಿಯಂ ಖುಷಿಯಿಂದ ಎಲೆಕ್ಟ್ರಾನ್ ಕೊಟ್ಟಿತು, ಕ್ಲೋರಿನ್ ಖುಷಿಯಿಂದ ತಗೊಂಡಿತು, ಇಬ್ಬರೂ ಸುಖವಾಗಿದ್ದರು. ಲೆಕ್ಕ ಹಾಕಿ ನೋಡಿ. ಒಂದು ಮೋಲ್ (ರಸಾಯನಶಾಸ್ತ್ರದ ಎಣಿಕೆಯ ಒಂದು ಕಟ್ಟು) ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೌಲ್ ಬೇಕು. ಕೀಳಬೇಕು, ಅದಾಗೇ ಕೊಡಲ್ಲ. ಕ್ಲೋರಿನ್ ಅದನ್ನು ತಗೊಂಡಾಗ ವಾಪಸ್ ಬರೋದು ಸುಮಾರು 349. ಅಂದ್ರೆ 147 ಕಿಲೋಜೌಲ್ ಖೋತಾ. ಇಬ್ಬರೇ ದೂರದೂರ ನಿಂತು ಕೊಡು-ಕೊಳ್ಳು ಮಾಡಿದರೆ ಈ ವ್ಯವಹಾರ ಲುಕ್ಸಾನು.

ಲಾಭ ಎಲ್ಲಿಂದ ಬಂತು ಹಾಗಾದ್ರೆ? ಹರಳು ಕಟ್ಟುವಾಗ. ಪ್ಲಸ್ಸು ಮೈನಸ್ಸು ಸಾಲಾಗಿ, ಮೇಲೆ ಕೆಳಗೆ, ಎಡ ಬಲ ಸೇರಿದಾಗ ಸುಮಾರು 787 ಕಿಲೋಜೌಲ್ ಬಿಡುಗಡೆ ಆಗುತ್ತೆ. ಆ ಖೋತಾ ತುಂಬಿ ಮಿಗುತ್ತೆ. ಲೋಹದ ತುಂಡಿನಿಂದ, ಕ್ಲೋರಿನ್ ಅನಿಲದಿಂದ ಶುರು ಮಾಡಿದರೆ ಇನ್ನೂ ಸ್ವಲ್ಪ ಖರ್ಚಿದೆ, ಅದನ್ನೂ ಇದೇ ತೀರಿಸುತ್ತೆ.

ಸಾಧನಕೇರಿ

ಅಂದ್ರೆ ದಾನ ಅಲ್ಲ. ಸಾಲ ಮಾಡಿ ಮದುವೆ ಮಾಡೋದು, ಆಮೇಲೆ ಆಹೇರಿಯಲ್ಲಿ ತೀರಿಸೋದು.

ಎರಡನೇ ಪಿಯುಸಿ ನೋಟ್ಸು

ಮದುವೆ ಅಂದ್ರೂ ತಪ್ಪೇ! ಉಪ್ಪಿನ ಹರಳಿನಲ್ಲಿ ಒಂದು ಸೋಡಿಯಂ ಸುತ್ತ 6 ಕ್ಲೋರೈಡ್ (ಎಲೆಕ್ಟ್ರಾನ್ ತಗೊಂಡ ಕ್ಲೋರಿನ್) ಇರುತ್ತವೆ. ಒಂದು ಕ್ಲೋರೈಡ್ ಸುತ್ತ 6 ಸೋಡಿಯಂ. ಯಾರಿಗೆ ಯಾರು ಜೋಡಿ ಅಂತ ಬೆರಳು ಮಾಡಿ ತೋರಿಸಲು ಬರಲ್ಲ.

ಬ್ಯಾಡಗಿ ಕಡ್ಡಿ

ಸಾಮೂಹಿಕ ವಿವಾಹ ಅನ್ನಿ. ನಮ್ಮ ಕಡೆ ಜಾತ್ರೆಯಲ್ಲಿ ಆಗುತ್ತಲ್ಲ, ನೂರೊಂದು ಜೋಡಿ, ಒಂದೇ ಪೆಂಡಾಲು. ಅಕ್ಷತೆ ಹಾಕೋ ಗದ್ದಲದಲ್ಲಿ ಎದುರಿಗೆ ಯಾರು ಸಿಕ್ಕಿದರೋ ಅವರ ತಲೆ ಮೇಲೆ.

ಎರಡನೇ ಪಿಯುಸಿ ನೋಟ್ಸು

ಅದು ನಡೆಯುತ್ತೆ. ಇನ್ನೊಂದು ಮಜಾ ಇದೆ. ಸೋಡಿಯಂ ಪರಮಾಣುವಿನ ತ್ರಿಜ್ಯ ಸುಮಾರು 186 ಪಿಕೋಮೀಟರ್. ಎಲೆಕ್ಟ್ರಾನ್ ಹೋದ ಮೇಲೆ 102. ಹೊರಗಿನ ಕವಚವೇ ಖಾಲಿ. ಕ್ಲೋರಿನ್ 99 ಇದ್ದದ್ದು ಒಂದು ಎಲೆಕ್ಟ್ರಾನ್ ಸಿಕ್ಕ ಮೇಲೆ 181. ಮದುವೆ ಮಾಡಿಕೊಟ್ಟವನು ಸೊರಗಿದ, ಮಾಡಿಕೊಂಡವನಿಗೆ ಹೊಟ್ಟೆ ಬಂತು.

ನರಗುಂದ ಎರಿಹೊಲ

ನಾನು ಓದಿದ್ದು ಪಿಯುಸಿ ಮಟ್ಟಕ್ಕೆ. ಹೊಲ ನೋಡ್ಕೋತೇನೆ. ಆದ್ರೆ ಈ ಧನ ಋಣದ ಮಾತು ನನಗೆ ಹೊಲದಲ್ಲಿ ಅರ್ಥ ಆಗಿದ್ದು, ಕ್ಲಾಸಿನಲ್ಲಲ್ಲ.

ನಮ್ಮದು ಕರಿ ಎರೆ ಮಣ್ಣು. ಎರೆಯ ಜೇಡಿಕಣದ ಮೈಮೇಲೆ ಹುಟ್ಟಿನಿಂದಲೇ ಋಣಾವೇಶ. ಅಂದ್ರೆ ಸಾಲಗಾರ ಮಣ್ಣು. ಕ್ಯಾಲ್ಸಿಯಂ, ಪೊಟ್ಯಾಸಿಯಂ, ಅಮೋನಿಯಂ ಇವೆಲ್ಲ ಧನ ಅಯಾನುಗಳು. ಬಂದರೆ ಹಿಡಿದು ಕೂರಿಸಿಕೊಳ್ಳುತ್ತೆ, ಬಿಡಲ್ಲ. ಬೇರು ಬಂದು ಕೇಳಿದಾಗ ಒಂದೊಂದಾಗಿ ಬಿಡುತ್ತೆ. ಯೂರಿಯಾ ಹಾಕಿದಾಗ ಮೊದಲು ಅಮೋನಿಯಂ ಆಗುತ್ತೆ, ಅಮೋನಿಯಂ ಆಗಿರುವವರೆಗೆ ಮಣ್ಣಿಗೆ ಅಂಟಿಕೊಂಡಿರುತ್ತೆ. ಆಮೇಲೆ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡ್ತವೆ. ನೈಟ್ರೇಟ್ ಋಣ ಅಯಾನು. ಮಣ್ಣೂ ಋಣ. ಸಾಲಗಾರನ ಮನೆಗೆ ಇನ್ನೊಬ್ಬ ಸಾಲಗಾರ ಬಂದರೆ ಯಾರು ಒಳಗೆ ಕರೀತಾರೆ? ದೊಡ್ಡ ಮಳೆ ಬಂದ್ರೆ ನೀರಿನ ಜೊತೆ ಹೋಗಿಬಿಡುತ್ತೆ. ಅದಕ್ಕೇ ಯೂರಿಯಾ ಒಂದೇ ಸಲ ಸುರೀಬೇಡ, ಕಂತಿನಲ್ಲಿ ಹಾಕು ಅಂತಾರೆ.

ಇನ್ನೊಂದು. ಮಲಪ್ರಭಾ ಕಾಲುವೆ ಬಂದ ಮೇಲೆ ನಮ್ಮ ಕಡೆ, ನವಲಗುಂದದ ಕಡೆ, ಎಷ್ಟೋ ಹೊಲ ಸವಳು-ಜವಳು ಆದವು. ನನ್ನದೂ ಒಂದು ಎಕರೆ. ಮೇಲೆ ಬಿಳಿ ಉಪ್ಪು ಎದ್ದಿತ್ತು, ಬೂಟುಗಾಲಿನಲ್ಲಿ ಒತ್ತಿದರೆ ಹಪ್ಪಳದ ಹಾಗೆ ಸದ್ದು. ಮಣ್ಣಿನ ಮೇಲೆ ಸೋಡಿಯಂ ಅಯಾನು ಠಿಕಾಣಿ ಹೂಡಿದರೆ ಕಣಗಳು ಚೆದುರಿ ನೀರು ಇಳಿಯಲ್ಲ. ಜಿಪ್ಸಮ್ ಹಾಕಿದೆ. ಜಿಪ್ಸಮ್ಮಿನಲ್ಲಿ ಕ್ಯಾಲ್ಸಿಯಂ ಇರುತ್ತೆ, ಅದರ ಧನ ಎರಡು ಪಟ್ಟು. ಸೋಡಿಯಂದು ಒಂದೇ. ಜಾಸ್ತಿ ರೊಕ್ಕದವ ಬಂದು ಕಡಿಮೆ ರೊಕ್ಕದ ಬಾಡಿಗೆದಾರನನ್ನು ಎಬ್ಬಿಸಿದ. ಎದ್ದ ಸೋಡಿಯಮ್ಮನ್ನು ನೀರು ಕಟ್ಟಿ, ಬಸಿಗಾಲುವೆಗೆ ಬಿಟ್ಟು ಓಡಿಸಬೇಕು, ಇಲ್ಲದಿದ್ರೆ ಅಲ್ಲೇ ಓಣಿಯಲ್ಲಿ ಕೂತಿರುತ್ತೆ. ಎರಡು ವರ್ಷ ಹಿಡೀತು. ಇದು ಜೋಕು ಹೌದೋ ಅಲ್ಲವೋ ಗೊತ್ತಿಲ್ಲ.

ಗದಗ ಮಾಸ್ತರ

ನೀವು ಒಂದು ದಿನ ನಮ್ಮ ಶಾಲೆಗೆ ಬರ್ತೀರಾ? ಖರೇನೇ ಕೇಳ್ತಿದ್ದೇನೆ.

ನರಗುಂದ ಎರಿಹೊಲ

ಕಡಲೆ ಕೊಯ್ಲು ಮುಗೀಲಿ.

ಟೋಲ್‌ನಾಕಾ ಟೀ

'ಆವೇಶ' ಪದವನ್ನು ಯಾರೂ ಮುಟ್ಟಲಿಲ್ಲ ನೋಡಿ. ವಿದ್ಯುದಾವೇಶ! ಎಂಟನೇ ಕ್ಲಾಸಿನಲ್ಲಿ ಮೊದಲ ಸಲ ಓದಿದಾಗ ನನಗೆ ಹೆದರಿಕೆ ಆಗಿತ್ತು. ನಮ್ಮ ಓಣಿಯಲ್ಲಿ ಒಬ್ಬರಿಗೆ ಜಾತ್ರೆ ದಿನ ಮೈಮೇಲೆ ದೇವರು ಬರುತ್ತಿತ್ತು, ಅದಕ್ಕೆ ಮನೆಯಲ್ಲಿ ಆವೇಶ ಅಂತಿದ್ದರು. ಬಾಚಣಿಗೆಯನ್ನು ತಲೆಗೆ ತಿಕ್ಕಿದರೆ ಬಾಚಣಿಗೆಗೆ ಆವೇಶ ಬರುತ್ತೆ, ಕಾಗದದ ಚೂರು ಎಳ್ಕೊಳ್ಳುತ್ತೆ ಅಂತ ಸರ್ ಹೇಳಿದಾಗ ನಾನು ಬಾಚಣಿಗೆಯನ್ನೇ ದೂರ ಇಟ್ಟೆ.

ಈಗಲೂ ಡಿಸೆಂಬರ್-ಜನವರಿಯ ಒಣ ಚಳಿಯಲ್ಲಿ ಧಾರವಾಡದಲ್ಲಿ ರಾತ್ರಿ ಸ್ವೆಟರ್ ತೆಗೆದರೆ ಚಟಪಟ ಅನ್ನುತ್ತೆ. ಲೈಟ್ ಆರಿಸಿದ್ದರೆ ನೀಲಿ ಕಿಡಿ ಕಾಣುತ್ತೆ. ನಮ್ಮಮ್ಮ "ಯಾರೋ ಬೈಕೋತಿದ್ದಾರೆ" ಅಂತಾಳೆ.

ಸಿಬಿಟಿ ಹುಡುಗ

ಹಾಗಾದ್ರೆ ಧನಾವೇಶ ಅಂದ್ರೆ ರೊಕ್ಕ ನೋಡಿ ಮೈಮೇಲೆ ಬರೋದು. ಋಣಾವೇಶ ಅಂದ್ರೆ ಬ್ಯಾಂಕಿನವರ ಫೋನು ಬಂದಾಗ ಬರೋದು.

ಮೂರನೇ ಬೆಂಚು

ಇದೇ ಇದೇ. ಮಾಸ್ತರ್ರೇ, ಇದನ್ನೇ ಪರೀಕ್ಷೆಯಲ್ಲಿ ಬರೀಲಿಕ್ಕೆ ಬಿಡಿ.

ಹುಬ್ಬಳ್ಳಿ ಎಲೆಕ್ಟ್ರಿಕಲ್ಸ್

ಮೇಲೆ ಫೋನ್ ಚಾರ್ಜಿನ ಜೋಕು ಬಂತಲ್ಲ, ಅದರಲ್ಲಿ ಒಂದು ಕಿತಾಪತಿ ಇದೆ. ಪೂರ್ತಿ ಚಾರ್ಜ್ ಆದ ಫೋನಿನಲ್ಲಿ ವಿದ್ಯುದಾವೇಶ ಜಾಸ್ತಿ ಇರುತ್ತೆ ಅಂತ ಅಂದುಕೊಂಡಿದ್ದೀರಾ? ಇಲ್ಲ. ಸೊನ್ನೆ ಪರ್ಸೆಂಟಿನಲ್ಲಿ ಇದ್ದಾಗಲೂ ಅಷ್ಟೇ, ನೂರರಲ್ಲೂ ಅಷ್ಟೇ. ಒಟ್ಟು ಲೆಕ್ಕ ತಟಸ್ಥ. ಬ್ಯಾಟರಿಯೊಳಗೆ ಲಿಥಿಯಂ ಅಯಾನುಗಳು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಿರ್ತವೆ, ಅವುಗಳ ಎಲೆಕ್ಟ್ರಾನ್ ಹೊರಗಿನ ತಂತಿ ದಾರಿ ಹಿಡಿದು ಅದೇ ಕೋಣೆಗೆ ಬಂದಿರ್ತವೆ. ಚಾರ್ಜ್ ಮಾಡುವಾಗ ಗ್ರಾಫೈಟ್ ಕಡೆ, ಬಳಸುವಾಗ ವಾಪಸ್. ದಿನಾ ಹುಬ್ಬಳ್ಳಿ-ಧಾರವಾಡ ಓಡಾಡುವ ನೌಕರದಾರನ ಹಾಗೆ. ಊರಿನ ಒಟ್ಟು ಜನಸಂಖ್ಯೆ ಬದಲಾಗಲ್ಲ.

ಹಾಗಾಗಿ ನ್ಯೂಟ್ರಾನಿಗೆ ಮಾತ್ರ ಅಲ್ಲ, ನಿಮ್ಮ ಫೋನಿಗೂ ಚಾರ್ಜ್ ಇಲ್ಲ.

ಸಿಬಿಟಿ ಹುಡುಗ

ನನ್ನ ಜೋಕನ್ನ ಕೊಂದೇಬಿಟ್ರಿ ಅಣ್ಣಾ.

ಹುಬ್ಬಳ್ಳಿ ಎಲೆಕ್ಟ್ರಿಕಲ್ಸ್

ಬಿಲ್ಲು ಕೊಡ್ತೇನೆ, ಬಂದು ತಗೊಂಡ್ ಹೋಗು.

ಅಂದಹಾಗೆ ಅಂಗಡಿಯಲ್ಲಿ ವಾರಕ್ಕೊಬ್ಬರು ಬರ್ತಾರೆ, ಇನ್ವರ್ಟರ್ ಬ್ಯಾಟರಿಗೆ ಬೋರಿನ ನೀರು ಹಾಕಿಕೊಂಡು. "ನೀರು ನೀರೇ ಅಲ್ರಿ?" ಅಂತಾರೆ. ಅಲ್ಲ. ಬೋರಿನ ನೀರಿನಲ್ಲಿ ಕ್ಲೋರೈಡ್, ಕಬ್ಬಿಣ ಇತ್ಯಾದಿ ಕರೆಯದೇ ಬಂದ ಅಯಾನುಗಳು ಇರ್ತವೆ. ಅವು ಒಳಗೇ ಕೂತು ಪ್ಲೇಟು ತಿಂತವೆ, ಬ್ಯಾಟರಿ ಸುಮ್ನೆ ಇಟ್ಟರೂ ಇಳೀತದೆ. ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರ್ ಉಳಿಸಲು ಹೋಗಿ ಸಾವಿರಾರು ರೂಪಾಯಿ ಬ್ಯಾಟರಿ ಕಳ್ಕೋತಾರೆ.

ಬೆಟಗೇರಿ ಅಕ್ಕ

ನೀರಿನ ಸುದ್ದಿ ಬಂತು, ನಂದೊಂದು ಹೇಳ್ತೇನೆ. ಉದ್ದ ಇದೆ, ಚಹಾ ಹಿಡ್ಕೊಂಡು ಓದಿ.

ಹೋದ ವರ್ಷ ಒಬ್ಬ ಟೈ ಕಟ್ಟಿದ ಹುಡುಗ ಮನೆಗೆ ಬಂದ, ಆರ್‌ಒ ವಾಟರ್ ಫಿಲ್ಟರ್ ಮಾರಲು. ನಮ್ಮ ನಳದ ನೀರು ಒಂದು ಗ್ಲಾಸು, ತನ್ನ ಬಾಟಲಿಯ ಆರ್‌ಒ ನೀರು ಒಂದು ಗ್ಲಾಸು, ಪಕ್ಕ ಪಕ್ಕ ಇಟ್ಟ. ಚೀಲದಿಂದ ನಾಲ್ಕು ಕಡ್ಡಿಯ ಒಂದು ಯಂತ್ರ ತೆಗೆದ. ಎರಡು ಕಡ್ಡಿ ಈ ಗ್ಲಾಸಿಗೆ, ಎರಡು ಆ ಗ್ಲಾಸಿಗೆ. ಪ್ಲಗ್ ಹಾಕಿದ. ಅರ್ಧ ನಿಮಿಷದಲ್ಲಿ ನಮ್ಮ ನಳದ ನೀರು ಕಂದಾಯ್ತು, ಆಮೇಲೆ ಹಸಿರು-ಕಪ್ಪು, ಮೇಲೆ ಕೊಳೆಯಂಥ ಕೆನೆ. ಅವನ ನೀರು ತಿಳಿಯಾಗೇ ಇತ್ತು. ನಮ್ಮತ್ತೆ ಬಾಯಿ ಮೇಲೆ ಸೆರಗು ಇಟ್ಟುಕೊಂಡರು. "ಅಮ್ಮಾ, ಇದನ್ನೇ ನೋಡ್ರಿ ನೀವು ಮೊಮ್ಮಕ್ಕಳಿಗೆ ಕುಡಸ್ತಿರೋದು" ಅಂದ. ಆ ಮಾತಿಗೆ ನನಗೆ ಸಿಟ್ಟು ಬಂತು.

ನಾನು ಬಿಎಸ್‌ಸಿ. ಸುಮ್ನೆ ಒಳಗೆ ಹೋಗಿ ಮೂರು ಬೆರಳಿನಲ್ಲಿ ಉಪ್ಪು ತಂದೆ. ಅವನ ತಿಳಿ ನೀರಿಗೆ ಹಾಕಿ ಚಮಚ ಆಡಿಸಿದೆ. "ಈಗ ಹಾಕ್ರಿ ಪ್ಲಗ್ಗು" ಅಂದೆ. "ಮೇಡಂ ಹಂಗ ಬರಂಗಿಲ್ರಿ" ಅಂದ. ನಾನೇ ಹಾಕಿದೆ. ನಮ್ಮ ನೀರಿಗಿಂತ ಜೋರಾಗಿ ಕಂದಾಯ್ತು.

ವಿಷಯ ಇಷ್ಟೇ. ಆ ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ನೀರಿನಲ್ಲಿ ಅಯಾನು ಇದ್ದರೆ ಕರೆಂಟ್ ಹರಿಯುತ್ತೆ, ಹರಿದರೆ ಕಬ್ಬಿಣ ಕರಗಿ ನೀರಿಗೆ ಬಿಡುತ್ತೆ, ತುಕ್ಕಿನ ಬಣ್ಣ ಬರುತ್ತೆ. ಆ ಕೊಳೆ ನಳದ್ದಲ್ಲ, ಅವನ ಕಡ್ಡಿಯದ್ದು. ಆರ್‌ಒ ನೀರಿನಲ್ಲಿ ಅಯಾನು ಕಡಿಮೆ, ಕರೆಂಟೇ ಹರಿಯಲ್ಲ, ಅದಕ್ಕೇ ತಿಳಿ. ಹುಡುಗ ಯಂತ್ರ ಮಡಚಿಕೊಂಡು ಹೊರಟ. ಪಾಪ, ಬಿಸಿಲಲ್ಲಿ ಬಂದಿದ್ದ, ಮಜ್ಜಿಗೆ ಕೊಟ್ಟು ಕಳಿಸಿದೆ. ಉಪ್ಪು ಹಾಕಿಯೇ ಕೊಟ್ಟೆ.

ಮೂರನೇ ಬೆಂಚು

ಉಪ್ಪು ಹಾಕಿಯೇ ಕೊಟ್ಟೆ 😂😂

ಟೋಲ್‌ನಾಕಾ ಟೀ

ಅಕ್ಕಾ, ಹಾಗಾದ್ರೆ ಆರ್‌ಒ ಬೇಡವೇ ಬೇಡ ಅಂತೀರಾ?

ಬೆಟಗೇರಿ ಅಕ್ಕ

ಹಾಗೆ ಹೇಳಲಿಲ್ಲ. ನಮ್ಮ ಜಿಲ್ಲೆಯಲ್ಲೇ ಮುಂಡರಗಿ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದೂ ಒಂದು ಋಣ ಅಯಾನೇ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲಿನ ಮೇಲೆ ಕಂದು ಪಟ್ಟೆ, ಇನ್ನೂ ಜಾಸ್ತಿ ಆಗಿ ವರ್ಷಗಟ್ಟಲೆ ಕುಡಿದರೆ ಎಲುಬು-ಕೀಲು ಹಿಡೀತವೆ. ನಮ್ಮ ದೊಡ್ಡಪ್ಪನ ಊರಿನಲ್ಲಿ ಕಣ್ಣಾರೆ ನೋಡಿದ್ದೇನೆ, ನಲವತ್ತಕ್ಕೇ ಮಂಡಿ ಮಡಚಲು ಬರದವರನ್ನು. ಕುದಿಸಿದರೆ ಹೋಗಲ್ಲ, ನೀರು ಆವಿಯಾಗಿ ಅದು ಉಳಿದು ಇನ್ನೂ ಗಟ್ಟಿ ಆಗುತ್ತೆ. ಅಂಥ ಊರಿಗೆ ಫಿಲ್ಟರ್ ಬೇಕೇ ಬೇಕು.

ಫಿಲ್ಟರ್ ಮಾರುವವರು ಇಟ್ಟುಕೊಳ್ಳುವ, ನೀರಿನಲ್ಲಿ ಕರಗಿದ್ದು ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಕರೆಂಟ್ ಎಷ್ಟು ಹರೀತು ಅಂತ ಅಳೆದು ಅಂದಾಜು ಹೇಳುತ್ತೆ. ಒಳಗೆ ಎಷ್ಟು ಮಂದಿ ಇದ್ದಾರೆ ಅಂತ ಗೊತ್ತಾಗುತ್ತೆ. ಕಳ್ಳರೋ ಬೀಗರೋ ಗೊತ್ತಾಗಲ್ಲ. ಅದಕ್ಕೆ ಲ್ಯಾಬಿನಲ್ಲೇ ಪರೀಕ್ಷೆ ಮಾಡಿಸಬೇಕು.

ಬ್ಯಾಡಗಿ ಕಡ್ಡಿ

ಹೆಂಡತಿ ನಕ್ಕಳು. ಋಣಾನುಬಂಧ ಪಾಸಾಯ್ತು. ಆದ್ರೆ ತಿರುಗಿ ಒಂದು ಪ್ರಶ್ನೆ ಹಾಕಿದಳು: ಮೆಣಸಿನಕಾಯಿ ತಿಂದಾಗ ನಾಲಿಗೆ ಉರಿಯೋದೂ ಅಯಾನಿನ ಕೆಲಸ ಅಂತ ಗೊತ್ತಾ ಅಂತ. ಮೆಣಸಿನಕಾಯಿ ಊರವನಾಗಿ ನನಗೆ ಗೊತ್ತಿರಲಿಲ್ಲ, ಮರ್ಯಾದೆ ಹೋಯ್ತು.

ಅವಳು ಹೇಳಿದ್ದು ಹೀಗೆ. ಖಾರದ ವಸ್ತು ಕ್ಯಾಪ್ಸೈಸಿನ್. ಅದು ನರದ ಮೇಲಿನ ಒಂದು ಬಾಗಿಲಿಗೆ ಕೀಲಿ ಇದ್ದಂತೆ. ಬಾಗಿಲು ತೆರೆದರೆ ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು ಒಳಗೆ ನುಗ್ಗುತ್ತವೆ, ನರ 'ಉರಿ ಉರಿ' ಅಂತ ಮಿದುಳಿಗೆ ತಂತಿ ಹೊಡೆಯುತ್ತೆ. ಬಿಸಿ ಸುಟ್ಟಾಗ ತೆರೆಯುವ ಬಾಗಿಲೂ ಅದೇ. ಅದಕ್ಕೇ ಖಾರ ತಿಂದರೆ ಬಾಯಿ ಸುಟ್ಟಂತೆ ಆಗೋದು. ವಿಜ್ಞಾನಿ ಡೇವಿಡ್ ಜೂಲಿಯಸ್ ತಂಡ ಇದನ್ನು 1997ರಲ್ಲಿ ಕಂಡುಹಿಡಿಯಿತು, 2021ರಲ್ಲಿ ಜೂಲಿಯಸ್ ಅವರಿಗೆ ನೊಬೆಲ್ ಸಿಕ್ಕಿತು.

ನಮ್ಮ ಬ್ಯಾಡಗಿ ಇದರಲ್ಲಿ ಸಭ್ಯ. ಬಣ್ಣ ಜಾಸ್ತಿ, ಖಾರ ಕಡಿಮೆ. ಬಾಗಿಲು ಬಡಿದು ಕೇಳುತ್ತೆ, ಒದೆಯಲ್ಲ. ಗುಂಟೂರಿಂದು ಒದೆಯುತ್ತೆ.

ಟೋಲ್‌ನಾಕಾ ಟೀ

ಮಿರ್ಚಿ-ಗಿರ್ಮಿಟ್ ತಿಂದು ಮೂಗು ಸೋರಿಸುತ್ತಾ ಇದನ್ನ ಓದಿದೆ. ಬಾಗಿಲು ತೆರೆದಿದೆ.

ನಿವೃತ್ತ ಲ್ಯಾಬ್ ಅಟೆಂಡರ್

ನಮಸ್ಕಾರ. ಮೊಮ್ಮಗಳು ಟೈಪ್ ಮಾಡಿ ಕೊಡ್ತಿದ್ದಾಳೆ. ಧಾರವಾಡದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಕೆಮಿಸ್ಟ್ರಿ ಲ್ಯಾಬು ನೋಡಿಕೊಂಡೆ.

ಹುಡುಗರು ಯಾವಾಗಲೂ ಕೇಳುವ ಪ್ರಶ್ನೆ: ಉಪ್ಪಿನಲ್ಲಿ ಸೋಡಿಯಂ ಇದೆ, ಹಾಗಿದ್ರೆ ಸಾರಿಗೆ ಉಪ್ಪು ಹಾಕಿದಾಗ ಯಾಕೆ ಸಿಡಿಯಲ್ಲ? ನಾನು ಹೇಳ್ತಿದ್ದೆ, ಜಗಳಕ್ಕೆ ಕಾರಣ ಆದ ಆ ಒಂದು ಎಲೆಕ್ಟ್ರಾನು ಉಪ್ಪಿನ ಸೋಡಿಯಂ ಹತ್ರ ಇಲ್ಲ. ಕೊಟ್ಟು ಮುಗಿಸಿದೆ. ಅದು ಹಿರಿ ಸೊಸೆಗೆ ಕೀಲಿ ಕೊಟ್ಟು ಕಟ್ಟೆ ಮೇಲೆ ಕೂತ ಅತ್ತೆ.

ಲೋಹದ ಸೋಡಿಯಂ ಬೇರೆ. ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡಬೇಕು. ಇಕ್ಕಳದಲ್ಲಿ ಎತ್ತಿ, ಒರೆಸಿ, ಚಾಕು ಹಾಕಿದರೆ ಗಟ್ಟಿ ಬೆಣ್ಣೆ ಕುಯ್ದ ಹಾಗೆ. ಕುಯ್ದ ಮುಖ ಹೊಸ ಬೆಳ್ಳಿ ಕಾಲುಂಗುರದಂತೆ ಹೊಳೆಯುತ್ತೆ, ನೋಡ್ತಾ ನೋಡ್ತಾ ಮಂಕಾಗುತ್ತೆ. ಕಡಲೆಕಾಳಿನಷ್ಟು ತುಂಡು ಸಾಕು, ತೊಟ್ಟಿಯ ನೀರಿನ ಮೇಲೆ ಗುಂಡಾಗಿ ಸುಂಯ್ ಅಂತ ಓಡುತ್ತೆ.

1980ರ ದಶಕದಲ್ಲಿ ಒಂದು ದಿನ, ಪ್ರಾಕ್ಟಿಕಲ್ ಮುಗಿದ ಮೇಲೆ, ಒಬ್ಬ ಹುಡುಗ ಉಳಿದ ತುಂಡುಗಳನ್ನು ಡಬ್ಬಿಗೆ ಹಾಕುವ ಬದಲು ಸಿಂಕಿಗೆ ಸುರಿದ. ನಾನು ಆ ಕಡೆ ಬ್ಯೂರೆಟ್ ತೊಳೀತಿದ್ದೆ. ಢಂ ಅಂತು. ಸಿಂಕಿನ ಕೆಳಗಿನ ಪೈಪು ಎರಡು ಹೋಳು. ಮಾಡಿನ ಮೇಲೆ ಕಪ್ಪು ಕಲೆ, ನಾನು ರಿಟೈರ್ ಆಗುವವರೆಗೂ ಅಲ್ಲೇ ಇತ್ತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಆ ಹುಡುಗ ಮೂರು ದಿನ ಕಾಲೇಜಿಗೆ ಬರಲಿಲ್ಲ. ಮುಂದೆ ಅವನೇ ಕೆಮಿಸ್ಟ್ರಿ ಲೆಕ್ಚರರ್ ಆದ.

ಎರಡನೇ ಪಿಯುಸಿ ನೋಟ್ಸು

ಅಜ್ಜಾ, ನಿಮಗೆ ಇದು ಇಷ್ಟ ಆಗುತ್ತೆ. ಸೋಡಿಯಂ ನೀರಿನಿಂದ ಬಿಡಿಸಿದ ಹೈಡ್ರೋಜನ್ ಹೊತ್ತಿಕೊಂಡು ಸಿಡೀತದೆ ಅಂತ ನಾವೆಲ್ಲ ಓದಿದ್ದೇವಲ್ಲ, ಅದು ಪೂರ್ತಿ ಕಥೆ ಅಲ್ಲ. 2015ರಲ್ಲಿ ಪ್ರಾಗ್‌ನ ಸಂಶೋಧಕರು ಸೋಡಿಯಂ-ಪೊಟ್ಯಾಸಿಯಂ ಮಿಶ್ರಲೋಹದ ಹನಿಯನ್ನು ನೀರಿಗೆ ಬೀಳಿಸಿ ಅತಿ ವೇಗದ ಕ್ಯಾಮೆರಾದಲ್ಲಿ ನೋಡಿದರು. ನೀರು ಮುಟ್ಟಿ ಒಂದು ಮಿಲಿಸೆಕೆಂಡ್ ಆಗುವುದರೊಳಗೆ ಹನಿಯ ಮೈಯಿಂದ ದತ್ತೂರಿ ಕಾಯಿಯ ಹಾಗೆ ಮುಳ್ಳು ಎದ್ದವು. ಎಲೆಕ್ಟ್ರಾನುಗಳು ಒಮ್ಮೆಲೇ ನೀರಿಗೆ ಹಾರಿಹೋದವು, ಲೋಹದಲ್ಲಿ ಉಳಿದವರೆಲ್ಲ ಧನಾವೇಶದವರು. ಒಬ್ಬರನ್ನೊಬ್ಬರು ತಳ್ಳಿ ಹನಿ ಚೂರಾಯ್ತು. ಚೂರಾದ್ದರಿಂದ ಹೊಸ ಹೊಸ ಮೈ ನೀರಿಗೆ ತಾಗಿತು, ಆಮೇಲೆ ಢಂ. ಇದಕ್ಕೆ ಕೂಲಂ ಸ್ಫೋಟ ಅಂತಾರೆ.

ಸಾಧನಕೇರಿ

ಒಂದೇ ಮನೆಯಲ್ಲಿ ಎಲ್ಲರೂ ಒಮ್ಮೆಲೇ ಧನವಂತರಾದರು, ಮನೆ ಒಡೀತು. ಇದಕ್ಕೆ ಪ್ರಾಗ್‌ವರೆಗೆ ಹೋಗಬೇಕಿತ್ತಾ? ಹೊಲಕ್ಕೆ ಬೈಪಾಸ್ ಬಂದ ಯಾವ ಊರಿನಲ್ಲಾದ್ರೂ ಕೇಳಿ.

ನರಗುಂದ ಎರಿಹೊಲ

ಇದಕ್ಕೆ ನಗೋದೋ ಅಳೋದೋ.

ಟೋಲ್‌ನಾಕಾ ಟೀ

ಒಂದು ದಡ್ಡ ಪ್ರಶ್ನೆ. ಎಲೆಕ್ಟ್ರಾನಿಗೆ ಮೈನಸ್ ಅಂತ ಯಾಕೆ ಇಟ್ಟರು? ಅದನ್ನೇ ಪ್ಲಸ್ ಅಂದಿದ್ರೆ ಜಾಸ್ತಿ ಇದ್ದವನು ಪ್ಲಸ್ಸು, ಕಡಿಮೆ ಇದ್ದವನು ಮೈನಸ್ಸು, ಎಲ್ಲ ಸರಳ ಇರ್ತಿತ್ತು.

ಸಾಧನಕೇರಿ

ದಡ್ಡ ಪ್ರಶ್ನೆ ಅಲ್ಲ. ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದಲ್ಲಿ ಅಂದಾಜಿನ ಮೇಲೆ ಪ್ಲಸ್ಸು ಮೈನಸ್ಸು ಹೆಸರಿಟ್ಟ. ವಿದ್ಯುತ್ತು ಒಂದು ದ್ರವ, ತಿಕ್ಕಿದ ಗಾಜಿನಲ್ಲಿ ಅದು ಜಾಸ್ತಿ ಆಗುತ್ತೆ, ಅದು ಪ್ಲಸ್ಸು ಅಂತ. ಜೆ.ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡದ್ದು 1897ರಲ್ಲಿ. ಅಷ್ಟೊತ್ತಿಗೆ ನೂರೈವತ್ತು ವರ್ಷ ಆಗಿತ್ತು. ನೋಡಿದರೆ ಓಡಾಡುವ ಸರಕು ಮೈನಸ್ಸಿನದು. ಫ್ರಾಂಕ್ಲಿನ್ ನಾಣ್ಯ ಚಿಮ್ಮಿದ, ಅದು ಉಲ್ಟಾ ಬಿತ್ತು. ಆ ಉಲ್ಟಾದಿಂದಲೇ ನಮಗೆ ಧನ-ಋಣದ ಜೋಕು ಸಿಕ್ಕಿದ್ದು, ಅವನ ಮೇಲೆ ಸಿಟ್ಟು ಬೇಡ.

ಪದದ ಮಾತು ಬಂತು ಅಂತ ಇನ್ನೊಂದು. 'ಅಯಾನ್' ಪದವನ್ನು ಬಳಕೆಗೆ ತಂದದ್ದು ಮೈಕಲ್ ಫ್ಯಾರಡೆ, 1834ರಲ್ಲಿ. ವಿಲಿಯಂ ಹ್ಯೂವೆಲ್ ಅನ್ನೋ ವಿದ್ವಾಂಸ ಗ್ರೀಕಿನಿಂದ ಹೆಕ್ಕಿ ಕೊಟ್ಟದ್ದು. ಅರ್ಥ 'ಹೋಗುವಂಥದ್ದು'. ಆ ಗ್ರೀಕ್ ಧಾತುವೂ ನಮ್ಮ ಉತ್ತರಾಯಣ, ದಕ್ಷಿಣಾಯನದ 'ಅಯನ'ದ ಧಾತುವೂ ಒಂದೇ ಬೇರಿನವು. ಸಂಕ್ರಾಂತಿಗೆ ಎಳ್ಳು ಬೀರುವಾಗ ನೆನಪಿಸಿಕೊಳ್ಳಿ. ನೀರಿಗೆ ಕರೆಂಟ್ ಹಾಯಿಸುವಾಗ ಇಳಿಬಿಡುವ ಪ್ಲಸ್ ಕಡ್ಡಿ ಆನೋಡ್, ಅಂದ್ರೆ ಮೇಲೇರುವ ದಾರಿ, ಸೂರ್ಯ ಮೂಡುವ ಕಡೆ. ಮೈನಸ್ ಕಡ್ಡಿ ಕ್ಯಾಥೋಡ್, ಅಂದ್ರೆ ಇಳಿಯುವ ದಾರಿ, ಮುಳುಗುವ ಕಡೆ. ಅಂದ್ರೆ ಮೂಡುದಾರಿ, ಪಡುದಾರಿ. ಪುಸ್ತಕದಲ್ಲಿ ಹೀಗೆ ಬರೆದಿದ್ದರೆ ಯಾರಿಗೂ ಅದಲುಬದಲು ಆಗುತ್ತಿರಲಿಲ್ಲ.

ಮೂರನೇ ಬೆಂಚು

ನಮ್ಮ ಬೆಂಚಿನ ಉಪಾಯ ಇನ್ನೂ ಸುಲಭ. ಋಣ ಅಯಾನು ಎಲ್ಲಿಗೆ ಹೋಗುತ್ತೆ? "ಆ ನೋಡು, ಆ ಕಡೆ ಹೊಂಟದ." ಆ-ನೋಡು, ಆನೋಡ್. ಇದರಿಂದ ಎರಡು ಮಾರ್ಕ್ಸ್ ಬಂದಿದೆ.

ಎರಡನೇ ಪಿಯುಸಿ ನೋಟ್ಸು

ಬೆಂಚಿನವರಿಗೆ ಒಂದು ಸಮಾಧಾನ. ಉಪ್ಪು ನೀರಿಗೆ ಬಿದ್ದ ಕೂಡಲೇ ಅಯಾನುಗಳಾಗಿ ಬಿಡಿಬಿಡಿ ಆಗುತ್ತೆ, ಕರೆಂಟ್ ಹಾಯಿಸುವ ಮೊದಲೇ, ಅಂತ ಹೇಳಿದವನು ಸ್ವಾಂಟೆ ಅರೇನಿಯಸ್. 1884ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಅವನ ಪ್ರಬಂಧಕ್ಕೆ ತೀರಾ ಕೆಳಗಿನ ದರ್ಜೆ ಕೊಟ್ಟರು. ಹೆಚ್ಚುಕಮ್ಮಿ ಜಸ್ಟ್ ಪಾಸ್. 1903ರಲ್ಲಿ ಅದೇ ಕೆಲಸಕ್ಕೆ ನೊಬೆಲ್.

ಮೂರನೇ ಬೆಂಚು

ಇದನ್ನ ಪ್ರಿಂಟ್ ಹಾಕಿಸಿ ನಮ್ಮಪ್ಪನ ಕಣ್ಣಿಗೆ ಬೀಳೋ ಹಾಗೆ ಇಡ್ತೇನೆ.

ಗದಗ ಮಾಸ್ತರ

ವರದಿ ಒಪ್ಪಿಸ್ತೇನೆ. ಇವತ್ತು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಉದ್ರಿ ಪುಸ್ತಕ ಬರೆದೆ. ಎಡಕ್ಕೆ ಸೋಡಿಯಂ, ಕೊಟ್ಟದ್ದು ಒಂದು, ಧನ. ಬಲಕ್ಕೆ ಕ್ಲೋರಿನ್, ಇಸ್ಕೊಂಡದ್ದು ಒಂದು, ಋಣ. ಮ್ಯಾಗ್ನೀಶಿಯಂ ಕೊಟ್ಟದ್ದು ಎರಡು. ಅಲ್ಯುಮಿನಿಯಂ ಮೂರು. ಹುಡುಗರು ತಾವೇ ಕೂಗಿ ಲೆಕ್ಕ ಹೇಳಿದರು. ಋಣಾನುಬಂಧಕ್ಕೆ ಚಪ್ಪಾಳೆ ಬಿತ್ತು. ಸಾಮೂಹಿಕ ವಿವಾಹಕ್ಕೆ ಶಿಳ್ಳೆ. ಪಕ್ಕದ ಕ್ಲಾಸಿನ ಗಣಿತದ ಮೇಡಂ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದರು.

ಆಮೇಲೆ ಆ ಕೊರೊನಾ ಹುಡುಗ ಎದ್ದ. "ಸರ, ನ್ಯೂಟ್ರಾನಿಗೆ ಧನಾನೂ ಇಲ್ಲ, ಋಣಾನೂ ಇಲ್ಲ. ಹಂಗಾದ್ರ ಅದು ಸನ್ಯಾಸೀನ್ರಿ?"

"ಹೌದಪಾ" ಅಂದೆ. "ನ್ಯೂಕ್ಲಿಯಸ್ ಅನ್ನೋ ಮಠದಾಗ ಇರ್ತದ."

ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದ ಮೇಲೆ ನೆನಪಾಯ್ತು. ನ್ಯೂಟ್ರಾನು ನ್ಯೂಕ್ಲಿಯಸ್ಸಿನಿಂದ ಹೊರಗೆ ಒಂಟಿಯಾಗಿ ಬಂದರೆ ಬಹಳ ಹೊತ್ತು ಉಳಿಯಲ್ಲ. ಸರಾಸರಿ ಹೆಚ್ಚುಕಮ್ಮಿ 15 ನಿಮಿಷ. ಆಮೇಲೆ ಒಂದು ಪ್ರೋಟಾನು, ಒಂದು ಎಲೆಕ್ಟ್ರಾನು ಆಗಿಬಿಡುತ್ತೆ. ಜೊತೆಗೆ ಕಣ್ಣಿಗೆ ಬೀಳದೆ ಓಡಿಹೋಗುವ ಒಂದು ಆಂಟಿನ್ಯೂಟ್ರಿನೋ.

ವಾಪಸ್ ಕ್ಲಾಸಿಗೆ ಓಡಿದೆ. ಗಣಿತದ ಮೇಡಂ ಪಾಠ ಶುರು ಮಾಡಿದ್ದರು. "ಒಂದೇ ನಿಮಿಷ" ಅಂತ ಒಳಗೆ ತಲೆ ಹಾಕಿ ಆ ಹುಡುಗನಿಗೆ ಹೇಳಿದೆ: "ಲೇ, ನಿನ್ನ ಸನ್ಯಾಸಿ ಮಠ ಬಿಟ್ಟು ಹೊರಗ ಬಂದ್ರ ಹದಿನೈದು ನಿಮಿಷದಾಗ ಧನಾನೂ ಬರ್ತದ, ಋಣಾನೂ ಬರ್ತದ."

ಅವನು ಕೂತಲ್ಲಿಂದಲೇ ಕೇಳಿದ, "ಆ ಓಡಿಹೋದದ್ದು ಯಾರ್ರಿ ಸರ, ಜಾಮೀನು ಹಾಕಿದವರಾ?"

ನಾನು ಅವನಿಗೆ ಆಂಟಿನ್ಯೂಟ್ರಿನೋ ವಿಷಯ ಹೇಳಿಯೇ ಇರಲಿಲ್ಲ. ಅವನ ಹತ್ರ ಫೋನ್ ಇದೆ, ಈ ವಾರ ಪೂರ್ತಿ ಇಲ್ಲೇ ಓದ್ತಾ ಕೂತಿದ್ದಾನೆ ಅನ್ನಿಸುತ್ತೆ. ಹಾಗಿದ್ರೂ ನಾನು ಈಗ ತಾನೇ ಬರೆದದ್ದನ್ನು ಅವನು ಆಗಲೇ ಹೇಗೆ ಓದಿದ?

ಮೂರನೇ ಬೆಂಚು

ಸರ, ಪುಸ್ತಕದ ಅಂಗಡ್ಯಾಗ ಹಳೇ ಪಿಯುಸಿ ಗೈಡು ಸಿಗ್ತಾವ್ರಿ.